ಎತ್ತರದ ದಾರಿ, ತೆಳು ಗಾಳಿ: ಲಡಾಖ್‌ಗೆ ಬೈಕ್ ಒಯ್ಯುವವರ ಪ್ರಶ್ನೆಗಳು

ಬೇಸಿಗೆ ಮುಗಿಯುತ್ತಿದ್ದಂತೆ ಮನಾಲಿ–ಲೇಹ್ ರಸ್ತೆಯ ಬಗ್ಗೆ ಪತ್ರಗಳು ಬರತೊಡಗುತ್ತವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ 350 ಸಿಸಿ ಬೈಕ್ ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಇಬ್ಬರನ್ನು ಕೂರಿಸಿಕೊಂಡು ಆರಾಮಾಗಿ ಹತ್ತುತ್ತದೆ. ಹೋದ ವರ್ಷ ಲೇಹ್ ಆಚೆಯ ಖರ್ದುಂಗ್ ಲಾ ಕಣಿವೆದಾರಿ ಹತ್ತುವಾಗ ಎರಡನೇ ಗೇರ್‌ನಲ್ಲೂ ಎಳೆಯಲಿಲ್ಲ. ಪಿಸ್ಟನ್, ರಿಂಗ್ ಬದಲಿಸಬೇಕು ಎನ್ನುತ್ತಿದ್ದಾರೆ ಮೆಕ್ಯಾನಿಕ್. ಬೇಕೇ?
– ಓದುಗರು, ಹಾಸನ

ಉತ್ತರ: ಊರಿಗೆ ಮರಳಿದ ಮೇಲೆ ಬೈಕ್ ಮೊದಲಿನಂತೆಯೇ ಎಳೆಯುತ್ತಿದೆಯೇ? ಹಾಗಿದ್ದರೆ ಎಂಜಿನ್ ಬಿಚ್ಚಿಸಬೇಡಿ. ಅಲ್ಲಿ ಕಡಿಮೆಯಾದದ್ದು ಗಾಳಿ, ರಿಂಗ್ ಸವೆದಿಲ್ಲ.

ಎಂಜಿನ್ ಎಷ್ಟು ಪೆಟ್ರೋಲ್ ಸುಡಬಲ್ಲದು ಎಂಬುದನ್ನು ಸಿಲಿಂಡರ್ ಒಳಗೆ ಬರುವ ಆಮ್ಲಜನಕ ನಿರ್ಧರಿಸುತ್ತದೆ. 350 ಸಿಸಿ ಎಂಬ ಜಾಗ ಎಲ್ಲಿ ಹೋದರೂ ಅಷ್ಟೇ, ಆದರೆ ಅದರಲ್ಲಿ ತುಂಬುವ ಗಾಳಿಯ ತೂಕ ಎತ್ತರ ಏರಿದಂತೆ ಇಳಿಯುತ್ತದೆ. ಸಮುದ್ರ ಮಟ್ಟದ ಒತ್ತಡವನ್ನು 100 ಎಂದುಕೊಂಡರೆ ಬೆಂಗಳೂರಿನಲ್ಲಿ ಅದು ಸುಮಾರು 90, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 65, ಖರ್ದುಂಗ್ ಲಾದಲ್ಲಿ 52. ಪ್ರತಿ 300 ಮೀಟರ್‌ಗೆ ಶಕ್ತಿ ಹೆಚ್ಚುಕಡಿಮೆ ಶೇ 3ರಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಬಹುದು. ಕಾಗದದ ಮೇಲೆ 20 ಎಚ್‌ಪಿ ಇರುವ ಎಂಜಿನ್ ಅಲ್ಲಿ ಕೊಡುವುದು 11ರ ಆಸುಪಾಸು. ಇಬ್ಬರು ಸವಾರರು ಮತ್ತು ಲಗೇಜ್ ಹೊತ್ತ ಬೈಕಿಗೆ ಇದು ಒಂದು 125 ಸಿಸಿ ಎಂಜಿನ್ ಜೋಡಿಸಿದಂತೆ.

ಇನ್ನೊಂದು ಮಾತು. ಖರ್ದುಂಗ್ ಲಾದಲ್ಲಿ ಬಹುಕಾಲ ಇದ್ದ ಫಲಕ 18,380 ಅಡಿ ಎನ್ನುತ್ತಿತ್ತು. ಜಿಪಿಎಸ್ ಅಳತೆಯಲ್ಲಿ ಸಿಗುವುದು 5,359 ಮೀಟರ್, ಅಂದರೆ 17,582 ಅಡಿ. ಎಂಜಿನ್‌ಗೆ ಅದೇ ಸಾಕಷ್ಟಾಯಿತು.

ಪ್ರಶ್ನೆ: ನನ್ನದು ಹಳೆಯ ಕಾರ್ಬುರೇಟರ್ ಬೈಕ್. ಹೊರಡುವ ಮುಂಚೆ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ತೂತಿನ ತುಣುಕು) ಹಾಕಿಸಬೇಕೆಂದು ಕೆಲವರು, ಏರ್ ಫಿಲ್ಟರ್ ತೆಗೆದರೆ ಸಾಕೆಂದು ಕೆಲವರು. ಯಾವುದು ಸರಿ?
– ಓದುಗರು, ದಾವಣಗೆರೆ

ಉತ್ತರ: ಫಿಲ್ಟರ್ ಮಾತ್ರ ತೆಗೆಯಲೇಬೇಡಿ. ತೆಗೆದರೆ ಎಂಜಿನ್ ಸ್ವಲ್ಪ ಹಗುರಾಗಿ ಓಡುವುದು ನಿಜ. ಆದರೆ ಮನಾಲಿ–ಲೇಹ್ ರಸ್ತೆಯ ಮೋರೆ ಮೈದಾನದಂಥ ಕಡೆ ಏಳುವ ಧೂಳು ನೇರ ಸಿಲಿಂಡರ್‌ಗೆ ಹೋಗಿ ಗೋಡೆಯನ್ನು ಉಜ್ಜುತ್ತದೆ. ಆಮೇಲೆ ಮೇಲಿನ ಪ್ರಶ್ನೆಯ ಮೆಕ್ಯಾನಿಕ್ ಹೇಳಿದ ಕೆಲಸ ನಿಜವಾಗಿಯೂ ಬೇಕಾಗುತ್ತದೆ. ಹೊಸ ಫಿಲ್ಟರ್ ಹಾಕಿಕೊಂಡು ಹೋಗಿ, ಲೇಹ್‌ನಲ್ಲಿ ಬಿಚ್ಚಿ ಧೂಳು ಕೊಡವಿ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ಗೆ ಎತ್ತರ ಗೊತ್ತಾಗುವುದಿಲ್ಲ. ಗಾಳಿ ತೆಳುವಾದರೂ ಜೆಟ್ ತೂತಿನಿಂದ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ, ಹಾಗಾಗಿ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ರೇಸ್ ಕೊಟ್ಟಾಗ ಎಂಜಿನ್ ಮುಗ್ಗರಿಸುತ್ತದೆ, ಕೈ ಸ್ವಲ್ಪ ಸಡಿಲಿಸಿದರೆ ಸರಿಯಾಗುತ್ತದೆ. ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿಯ ತುದಿ ತಿಳಿ ಕಂದು, ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಿದೆ. ಬೆರಳಿಗೆ ಹತ್ತುವ ಒಣ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು. ತಂತಿ ಬ್ರಷ್‌ನಿಂದ ಉಜ್ಜಿ, ಗ್ಯಾಪ್ ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ತಂದು ಹಾಕಿ. ಎರಡು ಹೊಸ ಪ್ಲಗ್ ಜೇಬಿನಲ್ಲಿರಲಿ.

ಎರಡು ವಾರದ ಪ್ರವಾಸಕ್ಕೆ ಮೇನ್ ಜೆಟ್ ಬದಲಿಸಬೇಡಿ ಎಂಬುದು ನಮ್ಮ ಸಲಹೆ. 110 ಸಂಖ್ಯೆಯ ಜೆಟ್ ತೆಗೆದು 105 ಹಾಕಿದರೆ ಮೇಲೆ ಚೆನ್ನಾಗಿಯೇ ಓಡುತ್ತದೆ. ಅದನ್ನು ಮರೆತು ಚಂಡೀಗಢದ ಬಿಸಿಲಲ್ಲಿ 90ರ ವೇಗದಲ್ಲಿ ಓಡಿಸಿದರೆ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು. ರಿಚ್ ಆದರೆ ಪ್ಲಗ್ ಕೆಡುತ್ತದೆ, ಲೀನ್ ಆದರೆ ಎಂಜಿನ್ನೇ ಕೆಡುತ್ತದೆ.

ಮಾಡಬಹುದಾದ ಸಣ್ಣ ಹೊಂದಾಣಿಕೆಗಳು ಎರಡಿವೆ. ಮೊದಲನೆಯದು ಐಡ್ಲಿಂಗ್ ಮಿಶ್ರಣದ ಸ್ಕ್ರೂ. ಅದನ್ನು ಮೆಲ್ಲಗೆ ಕೊನೆಯವರೆಗೆ ಮುಚ್ಚುತ್ತಾ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ, ಮತ್ತೆ ಅಷ್ಟೇ ಸುತ್ತು ತೆರೆಯಿರಿ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ, ಅರ್ಧ ಸುತ್ತು ಬಿಚ್ಚಿದರೆ ಲೀನ್ ಆಗುತ್ತದೆ. ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲಿನದು, ಅರ್ಧ ಸುತ್ತು ಬಿಗಿದರೆ ಲೀನ್. ಇದನ್ನು ಅದಲುಬದಲು ಮಾಡಿ ಪರದಾಡುವವರೇ ಹೆಚ್ಚು.

ಎರಡನೆಯದು ನೀಡಲ್, ಅಂದರೆ ಏರಿಳಿದು ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಸೂಜಿ. ಆಕ್ಸಿಲರೇಟರ್ ಕೇಬಲ್ ನೇರವಾಗಿ ಸ್ಲೈಡ್ (ಗಾಳಿಯ ದಾರಿ ತೆರೆಯುವ ತುಂಡು) ಎತ್ತುವ ಕಾರ್ಬುರೇಟರ್ ಆದರೆ ಮೇಲಿನ ಮುಚ್ಚಳ ಬಿಚ್ಚಿ ಸ್ಲೈಡ್ ಹೊರತೆಗೆಯಿರಿ. ನೀಡಲ್‌ನ ತಲೆಯಲ್ಲಿ ಸಾಮಾನ್ಯವಾಗಿ ಐದು ಕಚ್ಚುಗಳಿದ್ದು, ಒಂದರಲ್ಲಿ ಪುಟ್ಟ ಕ್ಲಿಪ್ ಕೂತಿರುತ್ತದೆ. ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಹಾಕಿದರೆ ನೀಡಲ್ ಅಷ್ಟು ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಕ್ಲಿಪ್ ಚಿಮ್ಮಿ ಕಳೆದುಹೋಗುವ ವಸ್ತು. ಕೆಳಗೆ ಒಂದು ಬಟ್ಟೆ ಹಾಸಿಕೊಂಡೇ ಕೆಲಸ ಮಾಡಿ. ಡಯಾಫ್ರಮ್ (ರಬ್ಬರ್ ಪೊರೆ) ಇರುವ ಸಿವಿ ಕಾರ್ಬುರೇಟರ್ ಎತ್ತರಕ್ಕೆ ತಾನೇ ಒಂದಿಷ್ಟು ಹೊಂದಿಕೊಳ್ಳುತ್ತದೆ. ಅದರ ನೀಡಲ್ ಮುಟ್ಟುವುದು ಬೇಡ. ಇಳಿದು ಮನಾಲಿ ತಲುಪಿದ ದಿನವೇ ಎಲ್ಲವನ್ನೂ ಬರೆದಿಟ್ಟ ಲೆಕ್ಕಕ್ಕೆ ಮರಳಿಸಿ.

ಪ್ರಶ್ನೆ: 2021ರ ಬಿಎಸ್6 ಬೈಕ್ ನನ್ನದು. ಫ್ಯೂಯಲ್ ಇಂಜೆಕ್ಷನ್ ಇರುವುದರಿಂದ ಏನೂ ಮಾಡಬೇಕಿಲ್ಲ ಅಲ್ಲವೇ?
– ಓದುಗರು, ಮಂಗಳೂರು

ಉತ್ತರ: ಮಿಶ್ರಣದ ಚಿಂತೆ ನಿಮಗಿಲ್ಲ. ಒಳಗೆ ಬರುವ ಗಾಳಿಯ ಒತ್ತಡ ಮತ್ತು ಉಷ್ಣತೆ ಅಳೆಯುವ ಸೆನ್ಸರ್‌ಗಳನ್ನು ನೋಡಿಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನು ತಾನೇ ತಗ್ಗಿಸುತ್ತದೆ. ಹಾಗೆಂದು ಕಳೆದ ಶಕ್ತಿ ಮರಳುವುದಿಲ್ಲ. ಇಂಜೆಕ್ಷನ್ ಬೈಕೂ ಅಷ್ಟೇ ಸೊರಗುತ್ತದೆ, ಮುಗ್ಗರಿಸುವುದಿಲ್ಲ ಅಷ್ಟೆ.

ಕೆಲವು ಬೈಕ್‌ಗಳು ಹೊರಗಿನ ಒತ್ತಡವನ್ನು ಕೀ ತಿರುಗಿಸಿದ ಗಳಿಗೆಯಲ್ಲಿ, ಎಂಜಿನ್ ತಿರುಗುವ ಮುನ್ನವೇ ಓದಿಕೊಳ್ಳುತ್ತವೆ. ದೊಡ್ಡ ಏರಿನ ನಡುವೆ ಬೈಕ್ ಮಂಕಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೀ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಪೆಟ್ರೋಲ್ ಪಂಪಿನ ಗುಂಯ್ ಸದ್ದು ನಿಂತ ಮೇಲೆ ಸ್ಟಾರ್ಟರ್ ಒತ್ತಿ. ಹೊರಡುವ ಮುಂಚೆ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಭಾಗ) ಶುಚಿ ಮಾಡಿಸಿ: ಮಸಿ ಕಟ್ಟಿದ್ದರೆ ಮೇಲೆ ಐಡ್ಲಿಂಗ್‌ನಲ್ಲಿ ಎಂಜಿನ್ ಪದೇ ಪದೇ ಆರುತ್ತದೆ.

ಪ್ರಶ್ನೆ: ಮನಾಲಿ–ಲೇಹ್ ರಸ್ತೆಯ ಗಾಟಾ ಲೂಪ್ಸ್ ತಿರುವುಗಳಲ್ಲಿ ಕ್ಲಚ್ ಸುಟ್ಟ ವಾಸನೆ ಬಂದು, ಆಮೇಲೆ ರೇಸ್ ಕೊಟ್ಟರೂ ಬೈಕ್ ಮುಂದೆ ಹೋಗಲಿಲ್ಲ. ಹೆಂಡತಿ ಹಿಂದೆ ಕೂತಿದ್ದರು, ಲಗೇಜೂ ಇತ್ತು. ಮುಂದಿನ ಸಲ ಹೇಗೆ ತಪ್ಪಿಸಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಇದು ಬಹಳ ಮುಖ್ಯವಾದ ಪ್ರಶ್ನೆ. ಎತ್ತರದಲ್ಲಿ ಎಂಜಿನ್ ತಾನಾಗಿ ಕೆಡುವುದು ಅಪರೂಪ, ಸವಾರನ ಎಡಗೈ ಕ್ಲಚ್ಚನ್ನು ಕೊಲ್ಲುವುದು ಸಾಮಾನ್ಯ. ಶಕ್ತಿ ಇಲ್ಲವೆಂದಾಗ ಕೈ ತಂತಾನೇ ಹಾಫ್ ಕ್ಲಚ್‌ಗೆ ಹೋಗುತ್ತದೆ. ಆಗ ಪ್ಲೇಟ್‌ಗಳು ಒಂದರ ಮೇಲೊಂದು ಜಾರಿ ಕಾಯುತ್ತವೆ, ಕಾದು ಸವೆದಷ್ಟೂ ಕೇಬಲ್‌ನ ಸಡಿಲ (ಫ್ರೀ ಪ್ಲೇ) ಇಲ್ಲವಾಗುತ್ತದೆ, ಲಿವರ್ ಬಿಟ್ಟರೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ಇನ್ನೂ ಜಾರುತ್ತದೆ, ಇನ್ನೂ ಕಾಯುತ್ತದೆ.

ಗಾಟಾ ಲೂಪ್ಸ್‌ನ 21 ತಿರುವುಗಳಲ್ಲಿ ಪ್ರತಿಯೊಂದಕ್ಕೂ ಮುಂಚೆಯೇ ಮೊದಲ ಗೇರ್‌ಗೆ ಇಳಿಯಿರಿ, ತಿರುವಿನ ಮಧ್ಯೆ ಅಲ್ಲ. ಎಂಜಿನ್ ತಿರುಗುತ್ತಲೇ ಇರಲಿ, ಕ್ಲಚ್ ಪೂರ್ತಿ ಬಿಟ್ಟಿರಲಿ. ಎದುರಿಗೆ ವಾಹನವಿಲ್ಲವೆಂದು ಖಚಿತವಾದರೆ ತಿರುವಿನ ಹೊರಮಗ್ಗುಲಿನಿಂದ ಹೋಗಿ. ಒಳಮಗ್ಗುಲು ಕಡಿದಾದ್ದರಿಂದ ಬೈಕ್ ನಿಲ್ಲುವುದೇ ಅಲ್ಲಿ. ಲಾರಿಗೆ ದಾರಿ ಬಿಡಲು ನಿಂತಾಗ ಹಿಂದಿನ ಬ್ರೇಕ್ ತುಳಿದು ನಿಲ್ಲಿ. ಕ್ಲಚ್‌ನಲ್ಲಿ ತೂಗಿಸಿಕೊಂಡು ನಿಲ್ಲಬೇಡಿ. ಏರಿನಲ್ಲಿ ಹೊರಡಲಾಗದಿದ್ದರೆ ಹಿಂದೆ ಕೂತವರು ಇಳಿದು ಇಪ್ಪತ್ತು ಹೆಜ್ಜೆ ನಡೆಯಲಿ. ಆ ಗಾಳಿಯಲ್ಲಿ ಅದೂ ದಣಿವೇ, ಆದರೂ ಬೈಕ್ ತಳ್ಳುವುದಕ್ಕಿಂತ ಮೇಲು.

ಲಿವರ್‌ನ ಬುಡದಲ್ಲಿ 2–3 ಮಿ.ಮೀ. ಸಡಿಲ ಇದೆಯೇ ಎಂದು ದಿನವೂ ಬೆಳಿಗ್ಗೆ ಪರೀಕ್ಷಿಸಿ. ವಾಸನೆ ಬಂದ ಕೂಡಲೇ ಎಂಜಿನ್ ಆರಿಸಿ ಅರ್ಧ ಗಂಟೆ ತಣಿಯಲು ಬಿಡಿ, ಅಡ್ಜಸ್ಟರ್ ತಿರುಗಿಸಿ ಸಡಿಲ ಮರಳಿಸಿ, ಲೇಹ್ ತಲುಪಿದ ಮೇಲೆ ಆಯಿಲ್ ಬದಲಿಸಿ. ಪ್ಲೇಟ್ ಸುಟ್ಟ ಪುಡಿ ಆಯಿಲ್‌ನಲ್ಲೇ ಸುತ್ತುತ್ತಿರುತ್ತದೆ. ಕ್ಲಚ್ ಪ್ಲೇಟ್ ಸೆಟ್, ಕವರ್ ಗ್ಯಾಸ್ಕೆಟ್ ಜೊತೆಗಿರಲಿ. ಹೊಸ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೈ ಕಟ್ಟಿಟ್ಟರೆ ಚಳಿಯಲ್ಲಿ ಬದಲಿಸುವುದು ಹತ್ತು ನಿಮಿಷದ ಕೆಲಸ. ಯಾವಾಗಲೂ ಇಬ್ಬರು ಹೋಗುವುದಾದರೆ ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಒಂದು ಹಲ್ಲು ಸಣ್ಣದಾಗಿಸಿ: 15ರ ಬದಲು 14 ಹಾಕಿದರೆ ಎಲ್ಲ ಗೇರ್‌ನಲ್ಲೂ ಎಳೆತ ಶೇ 7ರಷ್ಟು ಹೆಚ್ಚುತ್ತದೆ.

ಪ್ರಶ್ನೆ: ಪ್ಯಾಂಗಾಂಗ್ ಸರೋವರದ ಬಳಿ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗುವುದೇ ಇಲ್ಲವಂತೆ?
– ಓದುಗರು, ಶಿರಸಿ

ಉತ್ತರ: ಆಗುತ್ತದೆ. ಚಳಿಗೆ ಬ್ಯಾಟರಿ ದುರ್ಬಲ, ಆಯಿಲ್ ಗಟ್ಟಿ. ಸ್ಟಾರ್ಟರ್ ಐದು ಸೆಕೆಂಡ್ ಒತ್ತಿ, ಇಪ್ಪತ್ತು ಸೆಕೆಂಡ್ ಬಿಡಿ. ಕಿಕ್ಕರ್ ಇದ್ದರೆ ಅದೇ ಮೊದಲು. ಕಾರ್ಬುರೇಟರ್‌ನವರು ಚೋಕ್ ಎಳೆದೇ ಒದೆಯುತ್ತಾ ಹೋದರೆ ಪ್ಲಗ್ ಒದ್ದೆಯಾಗುತ್ತದೆ. ಆಗ ಚೋಕ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತೆರೆದು ಏಳೆಂಟು ಸಲ ಕಿಕ್ ಮಾಡಿ. ಶುರುವಾದ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಡಿ.

ಪ್ರಶ್ನೆ: ಎತ್ತರದಲ್ಲಿ ಟೈರ್ ಗಾಳಿ ಕಡಿಮೆ ಮಾಡಬೇಕೆ? ಪೆಟ್ರೋಲ್ ಎಷ್ಟು ಒಯ್ಯಲಿ?
– ಓದುಗರು, ಬೆಂಗಳೂರು

ಉತ್ತರ: ಗೇಜ್ ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಬೆಂಗಳೂರಿನಲ್ಲಿ 27 ಡಿಗ್ರಿಯಲ್ಲಿ 32 ಪಿಎಸ್‌ಐ ಹಾಕಿದ ಟೈರ್ ಲೇಹ್‌ನ 20 ಡಿಗ್ರಿಯಲ್ಲಿ 34ರಿಂದ 35 ತೋರಿಸುತ್ತದೆ. ಖರ್ದುಂಗ್ ಲಾದ ಸೊನ್ನೆ ಡಿಗ್ರಿಯಲ್ಲಿ ಚಳಿ ಒತ್ತಡವನ್ನು ಇಳಿಸುವುದರಿಂದ ಮತ್ತೆ 33ರ ಹತ್ತಿರ. ಹಾಗಾಗಿ ಲೇಹ್‌ನಲ್ಲಿ ಬೆಳಿಗ್ಗೆ, ಓಡಿಸುವ ಮುಂಚೆ ಒಮ್ಮೆ ಸರಿಮಾಡಿದರೆ ಸಾಕು. ಇಳಿದು ಬಯಲಿಗೆ ಬಂದಾಗ ಮರೆಯದೆ ತುಂಬಿಸಿ.

ಮನಾಲಿ–ಲೇಹ್ ದಾರಿಯ ತಾಂಡಿ ಎಂಬ ಊರಿನ ಬಂಕ್‌ನಲ್ಲಿ 'ಮುಂದಿನ ಬಂಕ್ 365 ಕಿ.ಮೀ.' ಎಂಬ ಫಲಕ ಹೆಸರುವಾಸಿ. ಮೊದಲ ಗೇರ್‌ನ ಏರುಗಳನ್ನು ಎಣಿಸಿ ಲೀಟರಿಗೆ 25 ಕಿ.ಮೀ. ಎಂದೇ ಲೆಕ್ಕ ಹಾಕಿ: ಸುಮಾರು 15 ಲೀಟರ್ ಬೇಕು. 13 ಲೀಟರ್ ಟ್ಯಾಂಕ್ ಆದರೆ ಐದು ಲೀಟರ್ ಕ್ಯಾನ್ ಒಯ್ಯಿರಿ, ನಾಲ್ಕೂವರೆಯಷ್ಟೇ ತುಂಬಿಸಿ, ಸೈಲೆನ್ಸರ್ ಇಲ್ಲದ ಬದಿಗೆ ಕಟ್ಟಿ. ಕೆಳಗೆ ಮುಚ್ಚಿದ ಕ್ಯಾನ್ ಮೇಲೆ ಬರುವಷ್ಟರಲ್ಲಿ ಉಬ್ಬಿರುತ್ತದೆ. ಎಂಜಿನ್ ತಣಿದ ಮೇಲೆ, ಕ್ಯಾಂಪಿನ ಸ್ಟೌವಿನಿಂದ ದೂರದಲ್ಲಿ, ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ 'ಸುಸ್' ಎಂಬ ಸದ್ದು ಪೂರ್ತಿ ನಿಂತ ನಂತರವೇ ತೆರೆಯಿರಿ.