ಟೀಪಾಯಿ ಮೇಲಿಟ್ಟ ಮೊಬೈಲು

ಹುಡುಗನಿಗೆ 14 ವರ್ಷ. ಬೆಂಗಳೂರಿನ ಕಮ್ಮನಹಳ್ಳಿ ಕಡೆಯ ಕ್ರೈಸ್ತ ಕುಟುಂಬ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟಿನ 40 ದಿನ ಮೊಬೈಲ್ ಗೇಮ್ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಮಾತಾಗಿತ್ತು. ಮೂರು ಸಲ ಸಿಕ್ಕಿಬಿದ್ದ. "ಇವನಿಗೆ ದೇವರ ಭಯವೇ ಇಲ್ಲ ಮೇಡಂ" ಎಂದು ಅಪ್ಪ ಆಪ್ತಸಲಹೆಗಾಗಿ ನನ್ನ ಬಳಿ ಕರೆದುಕೊಂಡು ಬಂದರು.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಫೋನಿನ ಲಾಕ್ ತೆಗೆದು ಟೀಪಾಯಿ ಮೇಲೆ ಇಟ್ಟು ಹೋಗುತ್ತಿದ್ದವರು ಅಪ್ಪನೇ. ಆಮೇಲೆ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದರು. ಯಾಕೆ ಎಂದು ಕೇಳಿದೆ.

"ಏದೆನ್ ತೋಟದಲ್ಲಿ ಆದಾಮ ಹವ್ವರಿಗೆ ಹಣ್ಣು ತಿನ್ನಬೇಡಿ ಅಂದ ಆ ಮರ ಬೆಳೆಸಿದ್ದು ದೇವರೇ ಅಲ್ವಾ? ಕಣ್ಣೆದುರಿಗಿದ್ದೂ ಮುಟ್ಟದಿದ್ದರೆ ತಾನೇ ವಿಧೇಯತೆ?"

ಹುಡುಗ ಅಷ್ಟು ಹೊತ್ತೂ ಅಂಗಿಯ ಗುಂಡಿ ತಿರುಗಿಸುತ್ತಾ ಕೂತಿದ್ದ. ತಲೆ ಎತ್ತದೆ ಹೇಳಿದ: "ದಿನಾ ರಾತ್ರಿ ಅಪ್ಪನೇ ಪ್ರಾರ್ಥನೆ ಹೇಳಿಸ್ತಾರೆ. 'ನಮ್ಮನ್ನು ಶೋಧನೆಯೊಳಗೆ ಸೇರಿಸದೆ' ಅಂತ. ಆಮೆನ್ ಅಂದ ಮೇಲೆ ಫೋನ್ ಇಟ್ಟು ಹೋಗ್ತಾರೆ." ಆ ಪ್ರಾರ್ಥನೆಯಲ್ಲಿ ಶೋಧನೆ ಅಂದರೆ ತಪ್ಪಿಗೆ ಎಳೆಯುವ ಆಸೆ, ಪರೀಕ್ಷೆ.

ಅಪ್ಪ ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ಮೆಲ್ಲಗೆ ಕೆಳಗಿಟ್ಟರು. ಏನೂ ಹೇಳಲಿಲ್ಲ.

ನಾನು ಕ್ರೈಸ್ತಳಲ್ಲ. ಬೇರೆಯವರ ಧರ್ಮದಲ್ಲಿ ಬಾಯಿ ಹಾಕಬಾರದು ಎನ್ನುವವರಿದ್ದಾರೆ. ಆದರೂ ಸುಮ್ನೆ ಇರಲು ನನ್ನಿಂದ ಆಗಲಿಲ್ಲ. ಅಪ್ಪ ಅಮ್ಮನನ್ನು ನೋಡಿಯೇ ಮಕ್ಕಳು ದೇವರು ಹೀಗಿರಬಹುದು ಅಂದುಕೊಳ್ಳುತ್ತಾರೆ. ಮರೆಯಲ್ಲಿ ಹೊಂಚು ಹಾಕುವ ಅಪ್ಪನ ಮಗನಿಗೆ ದೇವರೂ ಹೊಂಚು ಹಾಕುವವನೇ. ಏಕಾದಶಿ ಉಪವಾಸದ ದಿನ ಮಗಳ ಮುಂದೆ ಚಕ್ಕುಲಿ ಡಬ್ಬಿ ತೆರೆದಿಟ್ಟ ತಾಯಿಗೂ ಇದನ್ನೇ ಹೇಳಿದ್ದೆ. ಅವರು ಮತ್ತೆ ಬರಲಿಲ್ಲ. ಆದರೂ ಅದೇ ಮಾತನ್ನು ಹೇಳುತ್ತೇನೆ.

ಅಪ್ಪನಿಗೆ ಅವರದೇ ಬೈಬಲಿನ ಮೊದಲ ಪುಸ್ತಕ ಆದಿಕಾಂಡವನ್ನು ನೆನಪಿಸಿದೆ. ಅಲ್ಲಿ ದೇವರು ಮೊದಲು ಹೇಳುವುದು ತೋಟದ ಮರಗಳ ಹಣ್ಣನ್ನು ತಿನ್ನಬಹುದು ಅಂತ. ಬೇಡ ಅಂದದ್ದು ಒಂದೇ ಮರ. "ನಿಮ್ಮ ಮನೆಯಲ್ಲಿ ಸಂಜೆ ಹೊತ್ತು ಇವನಿಗೆ 'ತಗೋ' ಅಂದದ್ದು ಏನಿದೆ?" ಯೋಚಿಸಿದರು. ಟ್ಯೂಷನ್, ಹೋಂವರ್ಕ್, ಪ್ರಾರ್ಥನೆ. ಅಷ್ಟೇ ಸಿಕ್ಕಿತು.

ಫೋನ್ ಬೀರುವಿನಲ್ಲಿರಲಿ, ಸಂಜೆ ಅರ್ಧ ಗಂಟೆ ಇಬ್ಬರೂ ಶಟಲ್ ಆಡಿ ಎಂದೆ. ತಪ್ಪು ಮಾಡಿ ತಾನಾಗಿ ಬಂದು ಹೇಳಿದರೆ ಅವತ್ತು ಬೈಗುಳ ಬೇಡ ಎಂದೂ ಹೇಳಿದೆ. ಈ ಕೊನೆಯದಕ್ಕೆ ಅವರು ಒಪ್ಪಲು ಜಾಸ್ತಿ ಹೊತ್ತು ಹಿಡಿಯಿತು.

ಈಸ್ಟರ್ ಕಳೆದ ಮೇಲೆ ಫೋನ್ ಮಾಡಿದರು. ಮಗ ಇನ್ನೊಂದು ಸಲ ಆಡಿದ್ದನಂತೆ, ಗೆಳೆಯನ ಮೊಬೈಲಿನಲ್ಲಿ. ಮನೆಯವರು ಯಾರೂ ನೋಡಿರಲಿಲ್ಲ. ಅವನೇ ಬಂದು ಹೇಳಿದನಂತೆ.