ಹಾಡಿಯ ಹೋರಾಟಕ್ಕೆ ಯಾವ ಲೆನ್ಸು?

ಪ್ರಶ್ನೆ: ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ನಾಗರಹೊಳೆ ಸುತ್ತಲಿನ ಜೇನುಕುರುಬರ ಹಾಡಿಗಳಲ್ಲಿ ನಡೆದಿರುವ ಅರಣ್ಯ ಹಕ್ಕಿನ ಹೋರಾಟವನ್ನು ಕೆಲವು ವರ್ಷ ದಾಖಲಿಸಬೇಕೆಂದಿದ್ದೇನೆ. ಹೊಸ ಲೆನ್ಸ್ ಕೊಳ್ಳಬೇಕೆ? ಎಲ್ಲಿಂದ ಶುರುಮಾಡಲಿ?
– ಓದುಗ, ಹುಣಸೂರು

ಉತ್ತರ: ಲೆನ್ಸಿಗೆ ದುಡ್ಡು ಸುರಿಯಬೇಡಿ. ನಿಮ್ಮಲ್ಲಿರುವ 35 ಅಥವಾ 50 ಎಂಎಂ ಸಾಕು. ಗುಡಿಸಲಿನೊಳಗೆ ಬಾಗಿಲಿನಿಂದ ಬರುವುದೇ ಬೆಳಕು. ಫ್ಲ್ಯಾಶ್ ಬೇಡ, ಅಪರ್ಚರ್ ಎಫ್/2, ಶಟರ್ 1/125 ಸೆಕೆಂಡ್, ಐಎಸ್ಒ 3200ರಿಂದ ಶುರುಮಾಡಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಲ್ಲೇ ತೆಗೆಯಿರಿ. ಎಕ್ಸ್‌ಪೋಷರನ್ನು ಬಾಗಿಲಾಚೆಯ ಬಿಸಿಲಿಗೆ ಹೊಂದಿಸಿದರೆ ಮುಖ ಕಪ್ಪಿಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ಸಿಗುವುದು ಬರೀ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆ.

ಕ್ಯಾಮೆರಾ ತೆಗೆಯುವ ಮೊದಲು ಹಾಡಿಯ ಯಜಮಾನರನ್ನೂ ಅರಣ್ಯ ಹಕ್ಕು ಸಮಿತಿಯವರನ್ನೂ ಕಂಡು ಮಾತಾಡಿ. ಉದ್ಯಾನದೊಳಗಿನ ಹಾಡಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಬಹುಪಾಲು ಜನ ಎಡವುವುದು ಅಡಿಬರಹದಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜಮೀನು ಕೇಳುವವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದಲೂ ಅಲ್ಲಿದ್ದರೆಂದು ತೋರಿಸಬೇಕು. ಬದು, ಹಳೇ ಬಾವಿ, ಸಮಾಧಿ, ದೇವರ ತಾಣ ಎಲ್ಲವನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಆದ್ದರಿಂದ ‘ಹಾಡಿಯ ಸಮಾಧಿ’ ಎಂದಷ್ಟೇ ಬರೆದ ಚಿತ್ರ ಗೋಡೆಗೆ ಚೆಂದ, ಅರ್ಜಿಗೆ ಉಪಯೋಗವಿಲ್ಲ. ಯಾರ ಮನೆತನದ್ದು, ಹಾಡಿಯಿಂದ ಯಾವ ದಿಕ್ಕಿಗಿದೆ, ಹೇಳಿದವರು ಯಾರು, ಯಾವತ್ತು ಎಂಬುದನ್ನು ಅಂದೇ ಸಂಜೆ ಬರೆದಿಡಿ. ಒಂದೇ ತಾಣದ ಮೂರು ಚಿತ್ರ ಬೇಕು: ಗುರುತಿನ ಮರ ಸೇರಿಸಿ ದೂರದ್ದೊಂದು, ಪೂರ್ತಿ ತಾಣದ್ದೊಂದು, ಕಲ್ಲಿನದ್ದೊಂದು. ಕ್ಯಾಮೆರಾ ಗಡಿಯಾರ ತಪ್ಪಿದ್ದರೆ ಇಷ್ಟೂ ಶ್ರಮ ನೀರುಪಾಲು.

ಇದೇ ವಿವರ ಜನರಿಗೆ ಕುತ್ತೂ ಆಗಬಹುದು. ಮೂಲ ಫೈಲಿನಲ್ಲಿ ಜಿಪಿಎಸ್ (ಚಿತ್ರ ತೆಗೆದ ಜಾಗದ ಗುರುತು) ಇರಲಿ, ಹೊರಗೆ ಕೊಡುವ ಪ್ರತಿಯಲ್ಲಿ ಅಳಿಸಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದೆಲ್ಲ ಜೊತೆಗೇ ಹೋಗುತ್ತದೆ. ಕೇಸಿನ ಭಯವಿರುವವರ ಮುಖ, ಹೆಸರು ಅವರು ಒಪ್ಪದೆ ಬೇಡ.

ಬ್ರೆಜಿಲಿನ ಯಾನೊಮಾಮಿ ಆದಿವಾಸಿಗಳನ್ನು ಛಾಯಾಗ್ರಾಹಕಿ ಕ್ಲಾಡಿಯಾ ಆಂಡುಜಾರ್ ದಾಖಲಿಸತೊಡಗಿದ್ದು 1971ರಲ್ಲಿ. 1980ರ ದಶಕದ ಆರಂಭದಲ್ಲಿ ಲಸಿಕೆ ದಾಖಲೆಗಾಗಿ ಕೊರಳಿಗೆ ನಂಬರ್ ಬಿಲ್ಲೆ ಹಾಕಿದವರ ಫೋಟೋ ತೆಗೆದರು. ಅವೇ ಮುಂದೆ ಆಕೆಯ ಹೆಸರಾಂತ ಚಿತ್ರಗಳಾದವು. ಆಕೆಯೂ ಸೇರಿ ಹಲವರು ಹೋರಾಡಿದ ಮೇಲೆ ಆ ನೆಲದ ಗಡಿ ಅಧಿಕೃತವಾದದ್ದು 1992ರಲ್ಲಿ. ಈ ಕೆಲಸಕ್ಕೆ ಅಷ್ಟು ವರ್ಷ ಹಿಡಿಯಬಹುದು. ಮದುವೆ ಬುಕಿಂಗ್ ಬಿಡಬೇಡಿ. ಮೊದಮೊದಲು ಇದರಿಂದ ಪೆಟ್ರೋಲ್ ಖರ್ಚೂ ಹುಟ್ಟುವುದು ಕಷ್ಟ.

ಧರಣಿಯ ದಿನ ಪೊಲೀಸರಿಗೂ ಜನರಿಗೂ ನಡುವೆ ನಿಲ್ಲದೆ ಪಕ್ಕಕ್ಕಿರಿ. ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಮನೆಗಳಲ್ಲಿರಲಿ. ಪ್ರಿಂಟಿನ ಹಿಂದೆ ಅಡಿಬರಹ ಬರೆದು, ಒಂದು ಸೆಟ್ಟನ್ನು ಹಾಡಿಯ ಸಮಿತಿಗೇ ಕೊಡಿ.