ಜ್ವಾಲಾಮುಖಿ ಸಿಡಿದರೆ ಮೇಲಿನ ವಾತಾವರಣಕ್ಕೆ ಏನಾಗುತ್ತದೆ?

ಸ್ಫೋಟ ದೊಡ್ಡದಾದರೆ ಸಾಮಾನ್ಯವಾಗಿ ಮೋಡ-ಮಳೆಯ ಪದರಕ್ಕಿಂತ ಮೇಲಿರುವ ಸ್ಟ್ರಾಟೋಸ್ಫಿಯರ್ ಎಂಬ ಗಾಳಿಯ ಪದರ ಬಿಸಿಯಾಗುತ್ತದೆ, ಕೆಳಗೆ ನೆಲ ತಂಪಾಗುತ್ತದೆ. ಇದಕ್ಕೆ ಬೂದಿಯೇ ಕಾರಣ ಅನ್ನಿಸುತ್ತದೆ, ಅಲ್ವಾ? ಆದರೆ ಬೂದಿ ಬೇಗ ಉದುರಿಬಿಡುತ್ತದೆ. ಅಸಲಿ ಕೆಲಸ ಸಲ್ಫರ್ ಡೈಆಕ್ಸೈಡ್ ಅನಿಲದ್ದು. ಅದು ಮೇಲೇರಿ ಸಲ್ಫ್ಯೂರಿಕ್ ಆಮ್ಲದ ಅತಿ ಸಣ್ಣ ಹನಿಗಳಾಗುತ್ತದೆ. ಅಷ್ಟು ಎತ್ತರದಲ್ಲಿ ಅವನ್ನು ತೊಳೆಯಲು ಮಳೆಯಿಲ್ಲ. ಹಾಗಾಗಿ ಒಂದೆರಡು ವರ್ಷ ಅಲ್ಲೇ ತೇಲುತ್ತಿರುತ್ತವೆ. ಬಿಸಿಲಿನ ಒಂದು ಪಾಲನ್ನು ಹೊರಗೆ ಚದುರಿಸುತ್ತವೆ, ಭೂಮಿಯಿಂದ ಏಳುವ ಶಾಖವನ್ನು ಹೀರಿ ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತವೆ. ಓಜೋನ್ ಕೂಡ ಸ್ವಲ್ಪ ಸವೆಯುತ್ತದೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಭೂಮಿಯ ಸರಾಸರಿ ತಾಪಮಾನ ಸುಮಾರು 0.5 ಡಿಗ್ರಿ ಸೆಲ್ಸಿಯಸ್ ಇಳಿಯಿತು.

ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದಲ್ಲಿ 2022ರಲ್ಲಿ ಆದ ಸ್ಫೋಟದ ಕತೆಯೇ ಬೇರೆ. ಅದು ಸಮುದ್ರದಡಿ ಸಿಡಿದದ್ದರಿಂದ ಸ್ಟ್ರಾಟೋಸ್ಫಿಯರಿಗೆ ಅಪಾರ ನೀರಾವಿಯನ್ನು ನೂಕಿತು.